‘ಕಪ್ಪಾದರೂ ಲಕ್ಷಣ’: ಕೊರಗ ಹಾಗೂ ಸಿದ್ದಿ ಹುಡುಗಿಯರು ಮತ್ತು ತರಗತಿಯ ಮಾತು

ಗಾದೆ, ಒಗಟು, ಬೈಗುಳ, ಅಡ್ಡಹೆಸರು, ಸಂಬೋಧನೆ ಮೊದಲಾದವುಗಳನ್ನು ಕನ್ನಡ ಜಾನಪದ ಅಧ್ಯಯನವು ಬಹುಮಟ್ಟಿಗೆ ಹೊಲ, ಅಂಗಳ, ಸಂತೆ, ಜಾತ್ರೆಗಳಲ್ಲಿ ಹುಡುಕಿದೆ. ಶಾಲೆಯ ತರಗತಿಯೂ ಇವೆಲ್ಲ ದಿನನಿತ್ಯ ಬಳಕೆಯಾಗುವ ತಾಣವೆಂಬುದರ ಕಡೆಗೆ ಅದರ ಗಮನ ಹರಿದದ್ದು ಕಡಿಮೆ. ಶಿಕ್ಷಕರು ಪಠ್ಯಪುಸ್ತಕದಿಂದ ಓದಿ ಹೇಳುವ ಮಾತು ಶಿಷ್ಟ ಪರಂಪರೆಯದು. ಪುಸ್ತಕದಿಂದ ತಲೆಯೆತ್ತಿ ಮಗುವನ್ನು ಕರೆಯುವ, ಗದರುವ, ಹೊಗಳುವ, ತಮಾಷೆ ಮಾಡುವ ಮಾತು ಮಾತ್ರ ಅವರು ತಮ್ಮ ಊರು, ಮನೆ, ಜಾತಿಗಳಿಂದ ಕಿವಿಯ ಮೂಲಕ ಪಡೆದದ್ದು. ಅದು ಮೌಖಿಕ ಪರಂಪರೆಯ ಭಾಗ. ಮಗು ಪಾಠವನ್ನು ಮರೆತರೂ ಈ ಎರಡನೆಯ ಮಾತನ್ನು ಮರೆಯುವುದಿಲ್ಲ. ಕರಾವಳಿ ಮತ್ತು ಘಟ್ಟದ ಮೇಲಿನ ಶಾಲೆಗಳಲ್ಲಿ ಕಲಿಯುವ ಕೊರಗ ಮತ್ತು ಸಿದ್ದಿ ಹುಡುಗಿಯರ ಮಟ್ಟಿಗೆ ಈ ಮಾತಿನ ಸ್ವರೂಪವೇನು, ಶಿಕ್ಷಕರ ತರಬೇತಿಯು ಅದನ್ನು ಹೇಗೆ ಎದುರುಗೊಳ್ಳಬೇಕು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಕ್ಷೇತ್ರ ಮತ್ತು ಸಮುದಾಯ

ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಬೈಂದೂರು ಪೇಟೆಗೆ ತಾಗಿಕೊಂಡಿರುವ ಊರು ಯಡ್ತರೆ. ಮೊದಲು ಕುಂದಾಪುರ ತಾಲೂಕಿಗೆ ಸೇರಿದ್ದ ಈ ಪ್ರದೇಶ 2018ರಿಂದ ಬೈಂದೂರು ತಾಲೂಕಿನಲ್ಲಿದೆ. ಇಲ್ಲಿನ ಆಡುಮಾತು ಕುಂದಗನ್ನಡ. ಮೀನುಗಾರಿಕೆ, ಬೇಸಾಯ, ಯಕ್ಷಗಾನ, ದೈವಾರಾಧನೆಗಳು ಇಲ್ಲಿನ ಬದುಕನ್ನು ರೂಪಿಸಿವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಚದುರಿಕೊಂಡಿರುವ ಕೊರಗರು ಬಳ್ಳಿ ಮತ್ತು ಬಿದಿರಿನ ಬುಟ್ಟಿ ಹೆಣೆಯುವವರೆಂದೂ ಡೋಲು ಬಾರಿಸುವವರೆಂದೂ ಪರಿಚಿತರು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಗುರುತಿಸಲಾದ ಎರಡು ಸಮುದಾಯಗಳಲ್ಲಿ ಕೊರಗರು ಒಬ್ಬರು, ಇನ್ನೊಬ್ಬರು ಜೇನುಕುರುಬರು.

ಯಡ್ತರೆಯಿಂದ ಶಿರೂರಿನ ಗಡಿ ದಾಟಿ ಉತ್ತರ ಕನ್ನಡ ಜಿಲ್ಲೆಗೆ ಸೇರಿ, ಘಟ್ಟ ಹತ್ತಿದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ ಸೀಮೆಯ ಕಾಡಂಚಿನಲ್ಲಿ ಸಿದ್ದಿಯರ ಹಾಡಿಗಳು ಸಿಗುತ್ತವೆ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲಾದ ಆಫ್ರಿಕನ್ನರಲ್ಲಿ ಅನೇಕರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರೆಂಬುದು ಅವರ ಚರಿತ್ರೆಯ ಒಂದು ಮುಖ್ಯ ಎಳೆ. ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರೂ ಧರ್ಮಗಳಿಗೆ ಸೇರಿದ ಸಿದ್ದಿಯರಿಗೆ ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಅದು ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಿಗೂ ವಿಸ್ತರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶಿತರಾಗಿ, ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು.

ಮೂಲದಲ್ಲಿ, ಭಾಷೆಯಲ್ಲಿ, ಆಚರಣೆಯಲ್ಲಿ ಈ ಎರಡು ಸಮುದಾಯಗಳು ಬೇರೆ ಬೇರೆ. ಶಾಲೆಯೊಳಗೆ ಬಂದ ಹುಡುಗಿಯ ಅನುಭವದಲ್ಲಿ ಮಾತ್ರ ಇವು ಸಂಧಿಸುತ್ತವೆ. ಸಿದ್ದಿ ಹುಡುಗಿಯ ಮೈಬಣ್ಣ ಮತ್ತು ಗುಂಗುರು ಕೂದಲು ಎದುರಿನವರಿಗೆ ಮೊದಲ ನೋಟಕ್ಕೇ ಕಾಣುತ್ತವೆ. ಕೊರಗ ಹುಡುಗಿಯ ವಿಷಯದಲ್ಲಿ ಹಾಗಲ್ಲ. ಕರಾವಳಿಯ ಬಿಸಿಲಿನಲ್ಲಿ ಎಲ್ಲ ಜಾತಿಗಳಲ್ಲಿಯೂ ಎಲ್ಲ ಬಣ್ಣಗಳೂ ಇವೆ. ಆದರೂ ಅವಳನ್ನು ‘ಕರಿ’ ಎಂದು ಕರೆಯುವವರಿದ್ದಾರೆ. ಮೇಲ್ಜಾತಿಯ ಹುಡುಗಿ ಕಪ್ಪಾಗಿದ್ದರೆ ಅದು ಅವಳೊಬ್ಬಳ ಬಣ್ಣ. ಕೊರಗ ಹುಡುಗಿ ಕಪ್ಪಾಗಿದ್ದರೆ ಅದು ಅವಳ ಕುಲದ ಬಣ್ಣ. ಇಲ್ಲಿ ಕಪ್ಪು ಚರ್ಮಕ್ಕಿಂತ ಹೆಚ್ಚಾಗಿ ಸ್ಥಾನವನ್ನು ಹೆಸರಿಸುತ್ತದೆ.

ಕಪ್ಪಿನ ಎರಡು ಪರಂಪರೆ

ಕನ್ನಡದ ಮೌಖಿಕ ಸಂಪತ್ತಿನಲ್ಲಿ ಕಪ್ಪಿನ ಕುರಿತು ಪರಸ್ಪರ ವಿರುದ್ಧವಾದ ಎರಡು ಧೋರಣೆಗಳಿವೆ. ಒಂದು ಕಡೆ ಕರಿಯಮ್ಮ, ಕಾಳಮ್ಮ ಎಂಬ ದೇವತೆಗಳು. ಕರಿಯಪ್ಪ, ಕರಿಬಸಪ್ಪ ಎಂಬ ಹೆಸರುಗಳು. ಮಗುವಿನ ಕೆನ್ನೆಗಿಡುವ ದೃಷ್ಟಿಬೊಟ್ಟು. ಎರೆಮಣ್ಣು, ಮಳೆಮೋಡ, ಕಾಡಿಗೆ. ಇಲ್ಲೆಲ್ಲ ಕಪ್ಪು ಕಾಯುವ, ಬೆಳೆಯುವ, ಫಲ ಕೊಡುವ ಬಣ್ಣ. ಇನ್ನೊಂದು ಕಡೆ, ಇದ್ದಿಲನ್ನು ಎಷ್ಟು ತೊಳೆದರೂ ಬಿಳಿಯಾಗದು, ಕಾಗೆಗೆ ತನ್ನ ಮರಿಯೇ ಮುದ್ದು ಎಂಬಂಥ ಗಾದೆಗಳಿವೆ. ಇಲ್ಲಿ ಕಪ್ಪು ತಿದ್ದಲಾಗದ ದೋಷ. ಮೊದಲನೆಯದು ಆಚರಣೆಯ ಸಂದರ್ಭಗಳಲ್ಲಿ ಉಳಿದುಕೊಂಡಿದೆ. ಎರಡನೆಯದು ಆಡುಮಾತಿನಲ್ಲಿ ಹರಿದಾಡುತ್ತದೆ. ತರಗತಿಗೆ ಬರುವುದು ಹೆಚ್ಚಾಗಿ ಎರಡನೆಯದೇ. ಗಣಿತದ ಲೆಕ್ಕವನ್ನು ಮೂರನೆಯ ಬಾರಿ ತಪ್ಪು ಮಾಡಿದ ಮಗುವಿಗೆ ಇದ್ದಿಲಿನ ಗಾದೆಯನ್ನು ಹೇಳುವ ಶಿಕ್ಷಕರ ಮನಸ್ಸಿನಲ್ಲಿ ಬಣ್ಣದ ಯೋಚನೆ ಇಲ್ಲದಿರಬಹುದು. ಕೇಳುವ ಮಗು ಕಪ್ಪಾಗಿದ್ದಾಗ ಆ ಗಾದೆಯ ರೂಪಕ ಕಳಚಿ, ನೇರ ಅರ್ಥವೇ ಉಳಿಯುತ್ತದೆ.

ಆಲನ್ ಡಂಡಿಸ್ 1964ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಪಠ್ಯ ಮತ್ತು ಅದರ ಹೆಣಿಗೆಯ ಜೊತೆಗೆ ಸಂದರ್ಭವನ್ನೂ ಜಾನಪದದ ವಿಶ್ಲೇಷಣೆಗೆ ಅನಿವಾರ್ಯವೆಂದು ವಾದಿಸಿದರು. ಗಾದೆಯೊಂದರ ಅರ್ಥವನ್ನು ಯಾರು, ಯಾರಿಗೆ, ಯಾರ ಎದುರಿನಲ್ಲಿ ಹೇಳಿದರು ಎಂಬುದರಿಂದ ಪ್ರತ್ಯೇಕಿಸಲಾಗದು. ಜಾನಪದ ವಿದ್ಯಾರ್ಥಿಗೆ ಇದು ಪ್ರಾಥಮಿಕ ಪಾಠ. ಶಿಕ್ಷಕರಿಗೆ ಈ ಪಾಠವನ್ನು ಯಾರೂ ಹೇಳಿಕೊಟ್ಟಿಲ್ಲ.

ಕರಾವಳಿಯ ರಂಗಪರಂಪರೆಯೂ ಇದೇ ದ್ವಂದ್ವವನ್ನು ಹೇಳುತ್ತದೆ. ಯಕ್ಷಗಾನದ ಪಂಚವಟಿ ಪ್ರಸಂಗದಲ್ಲಿ ಘೋರ ಶೂರ್ಪನಖಿಯ ಮುಖಕ್ಕೆ ಕಪ್ಪು; ಅವಳೇ ರಾಮನನ್ನು ಮೋಹಿಸಲು ಮಾಯಾ ಶೂರ್ಪನಖಿಯಾಗಿ ಬರುವಾಗ ಬಿಳುಪಾದ ಸುಂದರಿ. ಹೆಣ್ಣು ಸುಂದರಿಯಾಗಬೇಕಾದರೆ ಬಣ್ಣ ಬದಲಾಗಬೇಕು ಎಂಬ ಸಂಕೇತ ಇಲ್ಲಿದೆ. ಇದು ಯಕ್ಷಗಾನದ ಮೇಲಿನ ಆಕ್ಷೇಪವಲ್ಲ; ಬಣ್ಣದ ವೇಷಗಳ ಸಂಕೇತವ್ಯವಸ್ಥೆಗೆ ಅದರದೇ ಆದ ಕಲಾತರ್ಕವಿದೆ, ರಾತ್ರಿಯಿಡೀ ನೋಡುವ ಪ್ರೇಕ್ಷಕ ಆ ತರ್ಕವನ್ನು ಬಲ್ಲ. ಆ ಸಂಕೇತವನ್ನು ಶಾಲಾ ವಾರ್ಷಿಕೋತ್ಸವಕ್ಕೆ ತಂದು, ಸೀತೆಯ ಪಾತ್ರಕ್ಕೆ ಬಿಳಿ ಹುಡುಗಿಯನ್ನೂ ರಕ್ಕಸಿಯ ಪಾತ್ರಕ್ಕೆ ಕಪ್ಪು ಹುಡುಗಿಯನ್ನೂ ಆರಿಸಿದಾಗ ಮುಖಕ್ಕೆ ಬಳಿದ ಬಣ್ಣಕ್ಕೂ ಮೈಯ ಬಣ್ಣಕ್ಕೂ ಇದ್ದ ಅಂತರ ಅಳಿದುಹೋಗುತ್ತದೆ. ವೇಷದ ಬಣ್ಣವನ್ನು ಚೌಕಿಯಲ್ಲಿ ಒರೆಸಬಹುದು. ಹುಡುಗಿ ತನ್ನದನ್ನು ಒರೆಸಲಾರಳು.

ಹೆಸರು ಮತ್ತು ಸಂಬೋಧನೆ

ಕೊರಗರ ಹೆಸರುಗಳ ಚರಿತ್ರೆ ಅವಮಾನದ ಚರಿತ್ರೆಯೂ ಹೌದು. ಎಡ್ಗರ್ ಥರ್ಸ್ಟನ್‌ನ 1909ರ ಸಂಪುಟಗಳು ಅಂಡೆ ಕೊರಗ, ವಸ್ತ್ರ ಕೊರಗ, ಸೊಪ್ಪು ಕೊರಗ ಎಂಬ ವಿಭಾಗಗಳನ್ನು ದಾಖಲಿಸಿವೆ. ರಸ್ತೆಯ ಮೇಲೆ ಉಗುಳಬಾರದೆಂದು ಕೊರಳಿಗೆ ಕಟ್ಟಿಸಿದ ಅಂಡೆ, ಹೆಣದ ಮೇಲಿನ ಬಟ್ಟೆ, ಉಡಲು ಸೊಪ್ಪು ಇವುಗಳಿಂದ ಒಂದು ಜನವರ್ಗವನ್ನು ಗುರುತಿಸಲಾಗಿತ್ತು. ಹುಟ್ಟಿದ ವಾರವೇ ಹೆಸರಾಗುವ ಪದ್ಧತಿಯಿಂದ ಐತ, ಅಂಗಾರ, ಗುರುವ, ತುಕ್ರ, ತನಿಯ ಮುಂತಾದ ಹೆಸರುಗಳು ತುಳುನಾಡಿನ ದಲಿತ ಸಮುದಾಯಗಳಲ್ಲಿ ಬಳಕೆಗೆ ಬಂದವು. ಕೋಟದ ಶಿವರಾಮ ಕಾರಂತರು 1933ರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳಿಗೆ ಚನಿಯ, ಗುರುವ, ಕಾಳ, ಬೆಳ್ಳಿ, ನೀಲ ಎಂದು ಹೆಸರಿಟ್ಟಿರುವುದನ್ನು ಗಮನಿಸಬಹುದು. ವಾರ ಮತ್ತು ಬಣ್ಣ, ಇವೆರಡರೊಳಗೇ ಹೆಸರು ಮುಗಿಯುತ್ತದೆ. ಹೊಲೆಯನ ಗುಡಿಸಲಿನ ಮಗಳಿಗೆ ‘ಬೆಳ್ಳಿ’ ಎಂಬ ಹೆಸರು ಕೊಟ್ಟ ತಂದೆತಾಯಿಯರ ಆಸೆಯೂ ಅದರಲ್ಲಿ ಉಳಿದಿದೆ.

ಇಂದಿನ ಕೊರಗ ಹುಡುಗಿಯರ ಹೆಸರುಗಳು ಬೇರೆಯವರ ಹೆಸರುಗಳಂತೆಯೇ ಇವೆ. ಹೆಸರು ಬದಲಾದರೂ ಕರೆಯುವ ಕ್ರಮ ಪೂರ್ತಿಯಾಗಿ ಬದಲಾಗಿಲ್ಲ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ ‘ಕೊರಗರ ಮಕ್ಕಳು ಎದ್ದು ನಿಲ್ಲಿ’ ಎಂಬ ಸೂಚನೆ ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ್ದು. ಎದ್ದು ನಿಂತ ಹುಡುಗಿಯ ಪಾಲಿಗೆ ಅದು ತನ್ನ ಹೆಸರು ಅಳಿದು ಜಾತಿ ಮಾತ್ರ ಉಳಿದ ಕ್ಷಣ. ಅಜಲು ಪದ್ಧತಿಯನ್ನು ನಿಷೇಧಿಸಿ ರಾಜ್ಯವು 2000ದಲ್ಲಿ ಕಾಯಿದೆ ತಂದಿತು. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುವುದು, ಕಂಬಳದ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು ಮೊದಲಾದ ಕೃತ್ಯಗಳು ಆ ಕಾಯಿದೆಯ ಪ್ರಕಾರ ಅಪರಾಧ. ಅಜಲಿನ ತಿರುಳು ಅನ್ನದಲ್ಲಿ ಬೆರೆತ ಕೂದಲಿನಲ್ಲಷ್ಟೇ ಇರಲಿಲ್ಲ. ಎಲ್ಲರ ಎದುರಿನಲ್ಲಿ ಒಬ್ಬರನ್ನು ಬೇರೆಯೆಂದು ನಿಲ್ಲಿಸುವುದರಲ್ಲಿ ಇತ್ತು. ಆ ದೃಷ್ಟಿಯಿಂದ ತರಗತಿಯ ಕರೆಯನ್ನು ಕೂಡ ಮರುಪರಿಶೀಲಿಸಬೇಕಾಗುತ್ತದೆ.

ಸಂಬೋಧನೆಗೆ ಕುಂದಗನ್ನಡದಲ್ಲಿ ಸೂಕ್ಷ್ಮವಾದ ಶ್ರೇಣಿಯಿದೆ. ಗೌರವ ಮತ್ತು ಆತ್ಮೀಯತೆಗಳೆರಡೂ ಕೂಡಿದ ‘ಹ್ವಾಯ್’ ಎಂಬ ಕರೆ, ಹುಡುಗಿಯರನ್ನು ಸಲಿಗೆಯಿಂದ ಕರೆಯುವ ‘ಹೆಣೆ’, ಗದರುವ ‘ಏಯ್’, ಇವುಗಳ ನಡುವಿನ ಅಂತರವನ್ನು ಈ ಸೀಮೆಯಲ್ಲಿ ಬೆಳೆದ ಪ್ರತಿ ಮಗುವೂ ಬಲ್ಲದು. ಊರಿನ ಹಿರಿಯ ಕೊರಗ ಗಂಡಸನ್ನೂ ‘ಹ್ವಾಯ್’ ಎಂದು ಕರೆಯದೆ ಏಕವಚನದಲ್ಲಿ ಹೆಸರು ಹಿಡಿದು ಕರೆಯುತ್ತಿದ್ದ ಸಮಾಜ ಇದು. ಹೀಗಾಗಿ ತನ್ನ ಅಪ್ಪ ಶಾಲೆಗೆ ಬಂದಾಗ ಮಾಷ್ಟ್ರು ಅವನನ್ನು ಹೇಗೆ ಕರೆಯುತ್ತಾರೆ, ಕುರ್ಚಿ ತೋರಿಸುತ್ತಾರೋ ಇಲ್ಲವೋ ಎಂಬುದನ್ನು ಕೊರಗ ಹುಡುಗಿ ಯಾವ ಪಾಠಕ್ಕಿಂತಲೂ ಹೆಚ್ಚಿನ ಗಮನದಿಂದ ಕೇಳುತ್ತಾಳೆ. ಮಗುವಿನೊಡನೆ ಆಡುವ ಬೆಂಬಲದ ಮಾತು ಅವಳ ತಂದೆತಾಯಿಯರೊಡನೆ ಆಡುವ ಬಹುವಚನದಿಂದ ಆರಂಭವಾಗುತ್ತದೆ.

‘ಆದರೂ’ ಎಂಬ ಹೊಗಳಿಕೆ

ನಿಂದೆಯನ್ನು ಗುರುತಿಸುವುದು ಸುಲಭ. ಹೊಗಳಿಕೆಯಲ್ಲಿ ಅಡಗಿರುವ ನಿಂದೆಯನ್ನು ಗುರುತಿಸುವುದು ಕಷ್ಟ. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬುದು ಕನ್ನಡದ ಮನೆಮನೆಗಳಲ್ಲಿ ಕೇಳಿಬರುವ ಮೆಚ್ಚುಗೆ. ‘ಆದರೂ’ ಎಂಬ ರೂಪ ಎರಡು ಸಂಗತಿಗಳನ್ನು ಜೋಡಿಸುತ್ತಲೇ ಅವುಗಳ ನಡುವೆ ವಿರೋಧವನ್ನು ಸ್ಥಾಪಿಸುತ್ತದೆ. ಕಪ್ಪಾಗಿದ್ದರೆ ಲಕ್ಷಣ ಇರಬಾರದಿತ್ತು, ಇದೆ, ಅದೊಂದು ಅಪವಾದ ಎಂಬುದು ಅದರ ತಾತ್ಪರ್ಯ. ‘ಕೊರಗರ ಹುಡುಗಿಯಾದರೂ ಚೆನ್ನಾಗಿ ಓದುತ್ತಾಳೆ’, ‘ಸಿದ್ದಿಯಾದರೂ ಕನ್ನಡ ಎಷ್ಟು ಸ್ಪಷ್ಟ’ ಎಂಬ ವಾಕ್ಯಗಳ ರಚನೆಯೂ ಇದೇ. ಹೇಳುವವರು ಹುಡುಗಿಯನ್ನು ಮೇಲೆತ್ತುವ ಉದ್ದೇಶದಿಂದಲೇ ಹೇಳಿರುತ್ತಾರೆ. ಆದರೆ ಆ ವಾಕ್ಯ ಅವಳನ್ನು ಎತ್ತುವಾಗಲೇ ಅವಳ ತಾಯಿಯನ್ನು, ತಂಗಿಯನ್ನು, ಕೇರಿಯನ್ನು ಕೆಳಗಿಡುತ್ತದೆ. ಅಂಥ ಹೊಗಳಿಕೆಯನ್ನು ಸ್ವೀಕರಿಸಬೇಕಾದರೆ ಹುಡುಗಿ ತನ್ನವರನ್ನು ಬಿಟ್ಟುಕೊಡಬೇಕು.

ಎರಡನೆಯ ಬಗೆಯ ಹೊಗಳಿಕೆ ಮೈಯನ್ನು ಕುರಿತದ್ದು. ಭಾರತೀಯ ಕ್ರೀಡಾ ಪ್ರಾಧಿಕಾರವು 1987ರಲ್ಲಿ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತು. ಆಫ್ರಿಕಾ ಮೂಲದ ದೇಹಕ್ಕೆ ಓಟದ ಪ್ರತಿಭೆ ಸಹಜವಾಗಿ ಇರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಯೋಜನೆಯಿಂದ ಕೆಲವು ಒಳ್ಳೆಯ ಕ್ರೀಡಾಪಟುಗಳು ಬೆಳಕಿಗೆ ಬಂದದ್ದು ನಿಜ. 1993ರಲ್ಲಿ ಸಿದ್ದಿಯರ ಪಾಲಿಗೆ ಅದು ಕೊನೆಗೊಂಡಾಗ ಓಟದ ಜೊತೆಗೆ ಶಾಲೆಯ ದಾರಿಯೂ ಅರ್ಧಕ್ಕೆ ನಿಂತ ಮಕ್ಕಳು ಊರಿಗೆ ಮರಳಿದರು. ಯೋಜನೆ ನಿಂತರೂ ಅದರ ಹಿಂದಿನ ನಂಬಿಕೆ ಶಾಲೆಗಳಲ್ಲಿ ಉಳಿದಿದೆ. ಸಿದ್ದಿ ಹುಡುಗಿಯ ಹೆಸರು ಕ್ರೀಡಾಕೂಟದ ದಿನ ಮೊದಲು, ವಿಜ್ಞಾನ ಪ್ರದರ್ಶನದ ದಿನ ಕೊನೆಗೆ ಬರುವುದಾದರೆ, ಆ ಕ್ರಮವೇ ಅವಳಿಗೆ ಪಾಠವಾಗುತ್ತದೆ.

ಈ ವಿಷಯದಲ್ಲಿ ಜಾನಪದ ವಿದ್ವತ್ತೂ ತನ್ನ ಪಾಲಿನ ಹೊಣೆ ಹೊರಬೇಕು. ಸಿದ್ದಿಯರೆಂದರೆ ಡಮಾಮಿ ಕುಣಿತ, ಕೊರಗರೆಂದರೆ ಡೋಲು ಎಂಬ ಸಮೀಕರಣವನ್ನು ಶಾಲೆಗಳು ಕಲಿತದ್ದು ಕಲಾಮೇಳ, ಉತ್ಸವದ ಮೆರವಣಿಗೆ ಮತ್ತು ಪರಿಚಯಾತ್ಮಕ ಪುಸ್ತಕಗಳಿಂದ. ಕಲೆಯನ್ನು ದಾಖಲಿಸುವ ಉತ್ಸಾಹದಲ್ಲಿ ಅದನ್ನು ಬದುಕಿನಿಂದ ಬೇರ್ಪಡಿಸಿ ಸಮುದಾಯದ ಲಾಂಛನವನ್ನಾಗಿ ಮಾಡಿದ ಬರವಣಿಗೆ ಕನ್ನಡದಲ್ಲಿ ಕಡಿಮೆಯಿಲ್ಲ. ಕೊರಗರಲ್ಲಿ ಅನೇಕರಿಗೆ ಡೋಲು ಹೆಮ್ಮೆಯ ವಾದ್ಯ. ಅದೇ ಡೋಲನ್ನು ಇತರರ ಜಾತ್ರೆ, ಸಾವು, ಕಂಬಳಗಳಲ್ಲಿ ಕಡ್ಡಾಯವಾಗಿ ಬಾರಿಸಬೇಕಾಗಿದ್ದ ನೆನಪೂ ಅವರಿಗಿದೆ. ಶಾಲೆಯ ಸಮಾರಂಭದಲ್ಲಿ ‘ನಿಮ್ಮವರ ಕುಣಿತ ಮಾಡಿ ತೋರಿಸು’ ಎಂದು ಹುಡುಗಿಗೆ ಹೇಳುವ ಮೊದಲು ಈ ಎರಡು ನೆನಪುಗಳ ಅಂತರ ಶಿಕ್ಷಕರಿಗೆ ತಿಳಿದಿರಬೇಕು. ಅವಳು ‘ಬೇಡ’ ಎಂದರೆ ಆ ಉತ್ತರಕ್ಕೆ ಚರಿತ್ರೆಯ ಬೆಂಬಲವಿದೆ.

ಕೂದಲು, ಕೆಲಸ, ಮೌನ

ಮಾತಿನ ಜೊತೆಗೆ ಮಾತಿಲ್ಲದ ನಿಯಮಗಳೂ ಸಂವಹನದ ಭಾಗ. ರಾಜ್ಯದ ಅನೇಕ ಶಾಲೆಗಳಲ್ಲಿ ಹುಡುಗಿಯರಿಗೆ ಎರಡು ಜಡೆ, ರಿಬ್ಬನ್ ಕಡ್ಡಾಯ. ನೆಟ್ಟನೆಯ ಉದ್ದ ಕೂದಲನ್ನು ಗೃಹೀತವಾಗಿಟ್ಟುಕೊಂಡ ಈ ನಿಯಮ ಬಿಗಿಯಾದ ಗುಂಗುರು ಕೂದಲಿನ ಸಿದ್ದಿ ಹುಡುಗಿಯನ್ನು ದಿನವೂ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಪ್ಪಿತಸ್ಥಳನ್ನಾಗಿಸುತ್ತದೆ. ‘ತಲೆ ಬಾಚಿಕೊಂಡು ಬಾ’ ಎಂಬ ಆಜ್ಞೆಯಲ್ಲಿ ಅವಳು ಬಾಚಿಲ್ಲ ಎಂಬ ಆರೋಪವಿದೆ; ಮಗಳ ಕೂದಲಿಗೆ ಎಣ್ಣೆ ಹಚ್ಚಿ ಕಟ್ಟಿ ಕಳಿಸಿದ ತಾಯಿಯ ಶ್ರಮದ ನಿರಾಕರಣೆಯೂ ಇದೆ.

ಈ ಸಂಕಟ ಇಲ್ಲಿಗೆ ಸೀಮಿತವಲ್ಲ. ಅಮೆರಿಕದಲ್ಲಿ ಕಪ್ಪು ಜನಾಂಗದವರ ಕೂದಲಿನ ರೀತಿಯನ್ನು ಕಾರಣವಾಗಿಟ್ಟುಕೊಂಡು ಶಾಲೆ ಮತ್ತು ಉದ್ಯೋಗಗಳಲ್ಲಿ ಮಾಡುವ ತಾರತಮ್ಯವನ್ನು ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. 1940ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಗೊಂಬೆಗಳನ್ನು ಬಳಸಿ ನಡೆಸಿದ ಅಧ್ಯಯನಗಳಲ್ಲಿ ಕಪ್ಪು ಮಕ್ಕಳಲ್ಲಿಯೂ ಬಹುಪಾಲು ಬಿಳಿ ಗೊಂಬೆಯನ್ನೇ ‘ಒಳ್ಳೆಯದು’ ಎಂದು ಆರಿಸಿದ್ದವು. ಶಾಲೆಗಳ ಜನಾಂಗೀಯ ಪ್ರತ್ಯೇಕತೆಯನ್ನು ರದ್ದುಗೊಳಿಸಿದ 1954ರ ತೀರ್ಪಿನಲ್ಲಿ ಅವರ ಕೆಲಸದ ಉಲ್ಲೇಖವಿದೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಕೇಂದ್ರದ 2017ರ ವರದಿಯೊಂದು, ಅಲ್ಲಿನ ವಯಸ್ಕರು ಕಪ್ಪು ಹುಡುಗಿಯರನ್ನು ಅದೇ ವಯಸ್ಸಿನ ಬಿಳಿ ಹುಡುಗಿಯರಿಗಿಂತ ಹೆಚ್ಚು ಪ್ರೌಢರೆಂದೂ, ಅವರಿಗೆ ಆರೈಕೆ ಮತ್ತು ರಕ್ಷಣೆ ಕಡಿಮೆ ಸಾಕೆಂದೂ ಭಾವಿಸುವುದನ್ನು ತೋರಿಸಿತು. ಈ ಕೊನೆಯ ಅಂಶ ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ. ನೀರು ತರಲು, ಗುಡಿಸಲು, ಬೆಂಚು ಹೊರಲು ಶಿಕ್ಷಕರ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಒಂದು ವಾರ ಬರೆದಿಟ್ಟರೆ ಉತ್ತರ ಸಿಗುತ್ತದೆ. ‘ಅವಳು ಗಟ್ಟಿಗಿತ್ತಿ, ಮಾಡುತ್ತಾಳೆ’ ಎಂಬ ಮಾತಿನಲ್ಲಿ ಮೆಚ್ಚುಗೆಯೂ ಇದೆ, ಅವಳು ಇನ್ನೂ ಮಗು ಎಂಬುದರ ಮರೆವೂ ಇದೆ.

ಮೂರನೆಯದು ಮೌನದ ಪ್ರಶ್ನೆ. ಕೊರಗರಿಗೆ ತಮ್ಮದೇ ಭಾಷೆಯಿದೆ, ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಅದರ ಭಾಷಾವೈಜ್ಞಾನಿಕ ವಿವರಣೆಯನ್ನು ಪ್ರಕಟಿಸಿದರು. ಅದು ಸ್ವತಂತ್ರ ದ್ರಾವಿಡ ಭಾಷೆಯೆಂದು ವಿದ್ವತ್ ಲೋಕ ಒಪ್ಪಿ ಅರ್ಧ ಶತಮಾನ ಕಳೆದಿದೆ. ಸಿದ್ದಿಯರ ಮನೆಗಳಲ್ಲಿ ಹೆಚ್ಚಾಗಿ ಕೊಂಕಣಿಯ ಒಂದು ಬಗೆ ಬಳಕೆಯಲ್ಲಿದೆ. ಶಾಲೆಯ ಗ್ರಾಂಥಿಕ ಕನ್ನಡ ಈ ಮಕ್ಕಳಿಗೆ ಎರಡನೆಯದೋ ಮೂರನೆಯದೋ ನುಡಿ. ಪ್ರಶ್ನೆ ಕೇಳಿದಾಗ ಅವರು ತೆಗೆದುಕೊಳ್ಳುವ ಬಿಡುವನ್ನು ದಡ್ಡತನವೆಂದೋ ಮೊಂಡುತನವೆಂದೋ ಓದಲಾಗುತ್ತದೆ. ಆ ಬಿಡುವಿನಲ್ಲಿ ಒಂದು ಮಗು ಎರಡು ಭಾಷೆಗಳ ನಡುವೆ ದಾರಿ ಹುಡುಕುತ್ತಿರುತ್ತದೆ. ಎರಡು ಕ್ಷಣ ಕಾಯದೆ ಪ್ರಶ್ನೆಯನ್ನು ಪಕ್ಕದ ಹುಡುಗಿಗೆ ದಾಟಿಸಿದಾಗ ಅವಳ ಮೌನ ಅಭ್ಯಾಸವಾಗುತ್ತದೆ. ಮೌನ ಅಭ್ಯಾಸವಾದ ಹುಡುಗಿ ಶಾಲೆ ಬಿಟ್ಟಾಗ ಅದು ಯಾರ ಗಮನಕ್ಕೂ ಬರುವುದಿಲ್ಲ.

ತರಬೇತಿಯ ಕೊರತೆ ಮತ್ತು ಸಾಧ್ಯತೆ

ಕರಾವಳಿಯಲ್ಲಿ ಈ ಪ್ರಶ್ನೆಗೆ ದೀರ್ಘ ಚರಿತ್ರೆಯಿದೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಅಂದಿನ ಸವಾಲು ಮಗುವನ್ನು ಶಾಲೆಯ ಒಳಗೆ ತರುವುದು. ಇಂದು ಬಾಗಿಲು ಕಾನೂನಿನ ಪ್ರಕಾರ ತೆರೆದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಭಯ, ಆತಂಕಗಳಿಲ್ಲದ ಕಲಿಕೆಯನ್ನು 29ನೆಯ ಕಲಮು ಬಯಸುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಂದರ್ಭದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮಕ್ಕಳ ಸಮಸ್ಯೆಗಳ ಬಗ್ಗೆ ಪ್ರತ್ಯೇಕ ಆಧಾರಪತ್ರವೇ ರಚಿತವಾಯಿತು. 2014ರ ನಂತರದ ಎರಡು ವರ್ಷಗಳ ಬಿ.ಎಡ್. ಪಠ್ಯಕ್ರಮದಲ್ಲಿ ಲಿಂಗತ್ವ ಮತ್ತು ಶಾಲೆಯನ್ನು ಕುರಿತ ವಿಷಯಕ್ಕೂ, ಎಲ್ಲ ವಿಷಯಗಳಲ್ಲಿ ಭಾಷೆಯ ಪಾತ್ರವನ್ನು ಕುರಿತ ವಿಷಯಕ್ಕೂ ಸ್ಥಾನ ದೊರೆಯಿತು.

ಕೊರತೆ ಇರುವುದು ತತ್ತ್ವದಲ್ಲಲ್ಲ, ವಾಕ್ಯದಲ್ಲಿ. ಎಲ್ಲ ಮಕ್ಕಳನ್ನೂ ಸಮಾನವಾಗಿ ಕಾಣಬೇಕೆಂದು ತರಬೇತಿ ಹೇಳುತ್ತದೆ. ಸಮಾನವಾಗಿ ಕಾಣುವವರು ನಾಳೆ ಬೆಳಿಗ್ಗೆ ಹಾಜರಿ ಕರೆಯುವಾಗ ಯಾವ ಮಾತು ಆಡಬೇಕೆಂದು ಹೇಳುವುದಿಲ್ಲ. ಪ್ರೀತಿ ಇದ್ದ ಮಾತ್ರಕ್ಕೆ ಮಾತು ತಾನಾಗಿ ಬದಲಾಗದು. ‘ಆದರೂ’ ಎಂಬ ಹೊಗಳಿಕೆ ಪ್ರೀತಿಯಿಂದಲೇ ಹುಟ್ಟುತ್ತದೆ ಎಂಬುದನ್ನು ಮೇಲೆ ನೋಡಲಾಗಿದೆ.

ಈ ದೃಷ್ಟಿಯಿಂದ ತರಬೇತಿಯಲ್ಲಿ ಅಳವಡಿಸಬಹುದಾದ ಕೆಲವು ಕ್ರಮಗಳನ್ನು ಸೂಚಿಸಬಹುದು. ಒಂದು, ಸಂಗ್ರಹ. ತರಬೇತಿಗೆ ಬರುವ ಶಿಕ್ಷಕರು ತಾವು ಒಂದು ವಾರದಲ್ಲಿ ಬಳಸಿದ ಗಾದೆ, ಅಡ್ಡಹೆಸರು, ಸಂಬೋಧನೆ, ಹ���ಗಳಿಕೆಗಳನ್ನು ಕ್ಷೇತ್ರಕಾರ್ಯದ ಶಿಸ್ತಿನಿಂದ ಬರೆದು ತರಬೇಕು. ಹೇಳಿದವರು, ಕೇಳಿದವರು, ಸಂದರ್ಭ, ಪರಿಣಾಮ ಎಂಬ ನಾಲ್ಕು ಕಲಮುಗಳಲ್ಲಿ ಅವನ್ನು ಜೋಡಿಸಬೇಕು. ಬೇರೆಯವರ ಉಪದೇಶಕ್ಕಿಂತ ತಮ್ಮದೇ ಪಟ್ಟಿ ಹೆಚ್ಚು ಕಲಿಸುತ್ತದೆ. ಎರಡು, ಹೊಗಳಿಕೆಯನ್ನು ಕೆಲಸಕ್ಕೆ ಕಟ್ಟುವುದು. ‘ನೀನು ಮೂರನೆಯ ಹೆಜ್ಜೆಯಲ್ಲಿ ಭಿನ್ನರಾಶಿಯನ್ನು ಸರಿಯಾಗಿ ಬಿಡಿಸಿದ್ದೀ’ ಎಂಬ ವಾಕ್ಯದಲ್ಲಿ ಜಾತಿಗೂ ಬಣ್ಣಕ್ಕೂ ಜಾಗವಿಲ್ಲ, ‘ಆದರೂ’ ಎಂಬುದಕ್ಕೆ ಅಗತ್ಯವೂ ಇಲ್ಲ. ಮೂರು, ತಿದ್ದುವ ಮಾತನ್ನು ಏಕಾಂತಕ್ಕೆ, ಮೆಚ್ಚುವ ಮಾತನ್ನು ಸಭೆಗೆ ಇಡುವುದು. ಸೌಲಭ್ಯದ ಅರ್ಜಿಗಳನ್ನು ತರಗತಿಯ ಎದುರಿನಲ್ಲಿ ತುಂಬಿಸದಿರುವುದು. ನಾಲ್ಕು, ಪ್ರಶ್ನೆ ಕೇಳಿದ ಮೇಲೆ ಕಾಯುವುದು, ಮನೆಮಾತಿನಲ್ಲಿ ಬಂದ ಉತ್ತರವನ್ನೂ ಉತ್ತರವೆಂದು ಸ್ವೀಕರಿಸಿ ಆನಂತರ ಕನ್ನಡಕ್ಕೆ ತರುವುದು. ಐದು, ಸಹಪಾಠಿಗಳು ಬಣ್ಣ ಹಿಡಿದು ಹಂಗಿಸಿದಾಗ ಕೇಳಿಸದವರಂತೆ ಇರದೆ, ಅಲ್ಲೇ ಚಿಕ್ಕದಾಗಿ, ಸ್ಪಷ್ಟವಾಗಿ ತಡೆಯುವುದು. ಶಿಕ್ಷಕರ ಮೌನವನ್ನು ತರಗತಿ ಒಪ್ಪಿಗೆಯೆಂದೇ ತಿಳಿಯುತ್ತದೆ. ಆರು, ಕೊರಗ ಮತ್ತು ಸಿದ್ದಿ ತಾಯಂದಿರನ್ನು, ಅದೇ ಸಮುದಾಯಗಳಿಂದ ಬಂದ ಪದವೀಧರ ಮಹಿಳೆಯರನ್ನು ತರಬೇತಿಯ ಸಂಪನ್ಮೂಲ ವ್ಯಕ್ತಿಗಳನ್ನಾಗಿ ಗೌರವಧನ ಕೊಟ್ಟು ಕರೆಯುವುದು.

ಕೊನೆಯ ಅಂಶಕ್ಕೆ ಜ್ಞಾನದ ಆಯಾಮವೂ ಇದೆ. ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳಿಂದ ಹೊಲಿಯುವ ಕೌದಿ ಮೂಲೆಯಿಂದ ಆರಂಭವಾಗಿ ಅಂಚು ಸುತ್ತುತ್ತ ನಡುವಿಗೆ ಬರುತ್ತದೆ. ಮೂಲೆಗಳಲ್ಲಿ ‘ಫೂಲ್’ ಎನ್ನುವ ಮಡಿಚಿದ ತುಂಡುಗಳಿಲ್ಲದೆ ಅದು ಪೂರ್ಣವಾಗದು. ಅಳತೆ, ಸಮಪಾರ್ಶ್ವತೆ, ವಿನ್ಯಾಸಗಳ ಪಾಠಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಆ ಊರಿನಲ್ಲಿ ಇಲ್ಲ. ಕೊರಗರ ಬುಟ್ಟಿಯ ಹೆಣಿಗೆಯಲ್ಲೂ ಎಣಿಕೆಯಿದೆ. ಚರಿತ್ರೆಯ ಪಾಠದಲ್ಲಿ ಬಿಜಾಪುರದ ಮೊಹಮ್ಮದ್ ಆದಿಲ್ ಶಾಹನ ಆಡಳಿತ ಬಂದಾಗ, ಅವನ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನೆಂದು ಒಂದು ವಾಕ್ಯ ಸೇರಿಸಿದರೆ, ಹಿಂದಿನ ಬೆಂಚಿನ ಸಿದ್ದಿ ಹುಡುಗಿ ಈ ನಾಡಿನ ಚರಿತ್ರೆಯೊಳಗೆ ಬರುತ್ತಾಳೆ. ಕೊರಗರು ಹಿಂದೆ ಆಳಿದವರೆಂದು ಹೇಳುವ ಹುಬಾಶಿಕ ಅರಸನ ಐತಿಹ್ಯವನ್ನು ಐತಿಹ್ಯವೆಂದೇ ಹೇಳಬಹುದು. ಒಂದು ಸಮುದಾಯ ತನ್ನ ಪತನವನ್ನು ತಾನು ಹೇಗೆ ವಿವರಿಸಿಕೊಂಡಿದೆ ಎಂಬುದೂ ಪಾಠವೇ.

ಎರಡು ಆಕ್ಷೇಪಗಳು

ಈ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ, ಅಮೆರಿಕದ ಸಮಸ್ಯೆಯನ್ನು ಇಲ್ಲಿಗೆ ಹೊರಿಸಲಾಗುತ್ತಿದೆ ಎಂಬುದು. ಹೋಲಿಕೆಗೆ ಮಿತಿಯಿರುವುದು ನಿಜ. ಅಲ್ಲಿ ಜನಾಂಗ ಮುಖ್ಯ, ಇಲ್ಲಿ ಜಾತಿ ಮುಖ್ಯ. ಕೊರಗ ಹುಡುಗಿಯ ಪ್ರಶ್ನೆಯನ್ನು ಬಣ್ಣವೊಂದರಿಂದಲೇ ವಿವರಿಸಿದರೆ ಅಸ್ಪೃಶ್ಯತೆ ಮರೆಯಾಗುತ್ತದೆ. ಸಿದ್ದಿ ಹುಡುಗಿಯ ಮಟ್ಟಿಗಾದರೋ ಜನಾಂಗ, ಬುಡಕಟ್ಟು, ಹೆಣ್ಣುತನ ಮೂರೂ ಒಟ್ಟಿಗೇ ಇವೆ. ಹೋಲಿಕೆಯಿಂದ ಪಡೆಯಬೇಕಾದದ್ದು ವಿಧಾನವನ್ನು, ತೀರ್ಮಾನವನ್ನಲ್ಲ.

ಎರಡನೆಯ ಆಕ್ಷೇಪ, ಪ್ರತಿ ಮಾತನ್ನೂ ತೂಗಿ ಆಡಬೇಕಾದರೆ ಶಿಕ್ಷಕರ ಸಹಜತೆ ಹೋಗುತ್ತದೆ ಎಂಬುದು. ಬಹುತರಗತಿ ಬೋಧನೆ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣಾ ಕೆಲಸಗಳ ನಡುವೆ ದುಡಿಯುವ ಗ್ರಾಮೀಣ ಶಿಕ್ಷಕರ ಮೇಲೆ ಇನ್ನೊಂದು ಹೊರೆ ಹೇರುವುದು ನ್ಯಾಯವೇ ಎಂಬ ಪ್ರಶ್ನೆಯೂ ಸಮರ್ಥನೀಯ. ಆದರೆ ತೂಗಿ ಆಡುವುದು ಈ ಸೀಮೆಯ ಶಿಕ್ಷಕರಿಗೆ ಹೊಸ ವಿದ್ಯೆಯಲ್ಲ. ದೇವಸ್ಥಾನದ ಮೊಕ್ತೇಸರರೊಡನೆ, ಊರಿನ ಗಣ್ಯರ ಮಗಳೊಡನೆ ಹೇಗೆ ಮಾತನಾಡಬೇಕೆಂದು ಅವರು ಬಲ್ಲರು. ಅಲ್ಲಿ ಸಹಜತೆ ಕಳೆದುಹೋಗುವುದಿಲ್ಲ. ಆ ಜಾಣ್ಮೆಯನ್ನು ಕೇರಿಯ ಹುಡುಗಿಗೂ ವಿಸ್ತರಿಸಬೇಕೆಂಬುದಷ್ಟೇ ಇಲ್ಲಿನ ಬೇಡಿಕೆ.

ತುಳುನಾಡಿನಲ್ಲಿ ಲಕ್ಷಾಂತರ ಜನ ಕೈಮುಗಿಯುವ ಕೊರಗಜ್ಜ ಮೂಲತಃ ಕೊರಗರ ಹುಡುಗ ತನಿಯ. ಅವನ ಕಥೆಯ ಕೆಲವು ಪಾಠಗಳಲ್ಲಿ, ತನ್ನವರು ಹೆಣೆದ ವಸ್ತುಗಳಿಗೆ ದೇವಸ್ಥಾನದೊಳಗೆ ಪ್ರವೇಶವಿರುವಾಗ ಹೆಣೆದವರಿಗೆ ಏಕಿಲ್ಲ ಎಂದು ಅವನು ಕೇಳುತ್ತಾನೆ. ಆ ಪ್ರಶ್ನೆ ಕೇಳಿದವನನ್ನು ಸಮಾಜ ದೈವವಾಗಿಸಿ ಆರಾಧಿಸಿತು, ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಕೊರಗಜ್ಜನಿಗೆ ಹರಕೆ ಹೇಳುವ ಮನೆಯಿಂದ ಬಂದ ಮಕ್ಕಳೂ ಶಿಕ್ಷಕರೂ ಕೊರಗ ಹುಡುಗಿಯ ಪಕ್ಕದಲ್ಲಿ ಕುಳಿತಿರುವ ಜಾಗ ತರಗತಿ. ಬುಟ್ಟಿ, ಡೋಲು, ಕುಣಿತ, ಓಟ ಇವೆಲ್ಲವನ್ನೂ ಶಾಲೆ ಈಗಾಗಲೇ ಒಳಗೆ ಕರೆದುಕೊಂಡಿದೆ. ಹುಡುಗಿಯನ್ನು ಅವಳ ಹೆಸರಿನಿಂದ, ‘ಆದರೂ’ ಎಂಬುದಿಲ್ಲದೆ ಕರೆಯುವ ಕೆಲಸ ಬಾಕಿಯಿದೆ. ಅದನ್ನು ಕಲಿಸುವ ತರಬೇತಿಗೆ ಬೇಕಾದ ಸಾಮಗ್ರಿ ಈ ನಾಡಿನ ಮೌಖಿಕ ಪರಂಪರೆಯಲ್ಲೇ ಇದೆ. ಅದನ್ನು ಆಯ್ದು, ವಿಮರ್ಶಿಸಿ, ಶಿಕ್ಷಕರ ಕೈಗೆ ಕೊಡುವುದು ಜಾನಪದ ವಿದ್ವಾಂಸರ ಮುಂದಿನ ಹೊಣೆ.